ಚಿಕ್ಕಪ್ಪನಿಗೆ ಮೆಟ್ಟಿಕೊಂಡ ಐರಿಶ್ ಪದ್ಯ

ನಮ್ಮ ಚಿಕ್ಕಪ್ಪನಿಗೆ ಒಂದು ಪದ್ಯ ಮೆಟ್ಟಿಕೊಂಡಿತ್ತು. ಹೌದು ಸ್ವಾಮಿ, ಪದ್ಯವೇ! ಬೇರೆಯವರ ಮನೆಗಳಲ್ಲಿ ದೆವ್ವ ಮೆಟ್ಟಿಕೊಳ್ಳುತ್ತದೆ, ಶೇರು ಮಾರುಕಟ್ಟೆ ಮೆಟ್ಟಿಕೊಳ್ಳುತ್ತದೆ, ಹೆಚ್ಚೆಂದರೆ ಯೋಗಾಸನ ಮೆಟ್ಟಿಕೊಳ್ಳುತ್ತದೆ. ದೆವ್ವಕ್ಕಾದರೆ ಬೇವಿನ ಸೊಪ್ಪು, ಮೆಣಸಿನಕಾಯಿ ಹೊಗೆ ಅಂತ ಏನಾದರೂ ಉಪಾಯವಿದೆ. ಪದ್ಯ ಬಿಡಿಸುವ ಮಂತ್ರವಾದಿಯನ್ನು ಎಲ್ಲಿಂದ ಹಿಡಿದು ತರುವುದು? ಅದೂ ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನಂಥ ಊರಿನಲ್ಲಿ, ಅಲ್ಲಿ ಬೇವಿನ ಸೊಪ್ಪಿಗೇ ತತ್ವಾರ!

ಪದ್ಯವೇನೂ ದೊಡ್ಡದಲ್ಲ. ಸುಮಾರು ನೂರು ವರ್ಷದ ಹಿಂದೆ ಐರ್ಲೆಂಡಿನ ಕವಿಯೊಬ್ಬರು ಬರೆದದ್ದು. ಒಂದು ಪುಟದಲ್ಲಿ ಮುಗಿದು, ಕೆಳಗೆ ಧೋಬಿ ಲೆಕ್ಕ ಬರೆಯುವಷ್ಟು ಜಾಗ ಉಳಿಯುತ್ತದೆ. ಲೋಕವೇ ಹದಗೆಟ್ಟು ಹೋಗುತ್ತಿದೆ ಎಂಬ ದಿಗಿಲು ಅದರ ತುಂಬ ಇದೆ. ಆ ಸಾಲುಗಳಲ್ಲಿ ಒಂದನ್ನಾದರೂ ಇಲ್ಲಿ ಬರೆಯಬಹುದಿತ್ತು. ಬರೆಯುವುದಿಲ್ಲ. ಬರೆದರೆ ಇದನ್ನೂ ಒಂದು ಪ್ರತಿಧ್ವನಿ ಅಂತ ಚಿಕ್ಕಪ್ಪ ಗುರುತು ಹಾಕಿಕೊಂಡುಬಿಟ್ಟಾರು, ಚಿಕ್ಕಮ್ಮ ನನ್ನನ್ನು ಮನೆಯೊಳಗೆ ಸೇರಿಸದೆ ಹೋದಾರು ಎಂಬ ಹೆದರಿಕೆ ನನಗೆ ಇನ್ನೂ ಪೂರ್ತಿ ಹೋಗಿಲ್ಲ.

ಪದ್ಯ ಪುಟ್ಟದಾದರೂ ಅದರ ಸಂಸಾರ ಬಲು ದೊಡ್ಡದು. ಅದರಿಂದ ಒಂದೊಂದು ತುಂಡು ಕಿತ್ತುಕೊಂಡು ಜನ ಕಾದಂಬರಿಗೆ ಹೆಸರಿಟ್ಟರು, ನಾಟಕಕ್ಕೆ ಹೆಸರಿಟ್ಟರು, ಗಿಟಾರು ಬಾರಿಸಿಕೊಂಡು ಕಿರುಚಿದರು, ಪತ್ತೇದಾರಿ ಧಾರಾವಾಹಿಯ ಖಳನಾಯಕನ ಬಾಯಿಗೆ ತುರುಕಿದರು. ಸಂಪಾದಕೀಯ ಬರೆಯುವವರಿಗಂತೂ ಅದು ಉಪ್ಪಿನಕಾಯಿ ಭರಣಿ. ಏನೂ ತೋಚದ ದಿನ ಕೈ ಹಾಕಿದರೆ ಒಂದು ಹೋಳು ಸಿಕ್ಕೇ ಸಿಗುತ್ತದೆ! ಇನ್ನು ವಿದ್ವಾಂಸರು ಬಿಟ್ಟಾರೆಯೇ? ಪದ್ಯದ ಬಗ್ಗೆ ಬರೆದರು. ಪದ್ಯದ ಬಗ್ಗೆ ಬರೆದದ್ದರ ಬಗ್ಗೆ ಬರೆದರು. ಇಷ್ಟೆಲ್ಲ ಯಾಕೆ ಬರೆಯುತ್ತಿದ್ದಾರೆ ಎನ್ನುವುದರ ಬಗ್ಗೆಯೂ ಬರೆದರು. ಆ ಪದ್ಯ ಎಲ್ಲೆಲ್ಲಿ ಯಾರ್‍ಯಾರ ಬಾಯಲ್ಲಿ ಮರುದನಿಗೊಟ್ಟಿದೆ ಎಂದು ಪತ್ತೆ ಮಾಡಿ ಮಹಾಪ್ರಬಂಧ ಬರೆಯುವುದು ನಮ್ಮ ಚಿಕ್ಕಪ್ಪನ ಕೆಲಸ. ಸಮುದ್ರದ ಅಲೆ ನಿಂತ ಮೇಲೆ ಸ್ನಾನ ಮಾಡುತ್ತೇನೆ ಅಂತ ದಡದಲ್ಲಿ ಟವೆಲು ಹಿಡಿದು ನಿಂತವರನ್ನು ನೀವು ನೋಡಿಲ್ಲವಾದರೆ ಚಿಕ್ಕಪ್ಪನ ಮನೆಗೆ ಬರಬೇಕಿತ್ತು.

ಚಿಕ್ಕಪ್ಪ ಮೈಸೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಚಿಕ್ಕಮ್ಮ ನರ್ಸು. ಆಕೆಗೆ ಪಾಮರ್ಸ್ಟನ್ ನಾರ್ತ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು ಇಬ್ಬರೂ ಬಂದರು. ಬಂದ ಮರುವಾರವೇ ಚಿಕ್ಕಮ್ಮ ಡ್ಯೂಟಿಗೆ ಹೋದರು. ಚಿಕ್ಕಪ್ಪ ಕಿಟಕಿಯ ಹತ್ತಿರ ಕುಳಿತರು. ಈ ದೇಶದಲ್ಲಿ ಇಂಗ್ಲಿಷ್ ಕಲಿಸುವುದಕ್ಕೆ ಮೈಸೂರಿನವರನ್ನು ಯಾರು ಕರೆಯುತ್ತಾರೆ? ಶಾಲೆಗಳಲ್ಲಿ ಯಾರಾದರೂ ಮೇಷ್ಟ್ರು ರಜೆ ಹಾಕಿದ ದಿನ ಬದಲಿಗೆ ಹೋಗುವ ಕೆಲಸ ಸಿಕ್ಕಿತು. ಯಾರಿಗಾದರೂ ನೆಗಡಿಯಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗೆ ಊರವರ ನೆಗಡಿ ಕಾಯುತ್ತ ಕೂತಿದ್ದ ಗಂಡನನ್ನು ಕೈಹಿಡಿದು ವಿಶ್ವವಿದ್ಯಾನಿಲಯಕ್ಕೆ ಕರೆದುಕೊಂಡು ಹೋಗಿ ಪಿಎಚ್‌ಡಿಗೆ ಸೇರಿಸಿದವರು ಚಿಕ್ಕಮ್ಮನೇ. ಮಾಡಿದ್ದುಣ್ಣೋ ಮಹರಾಯ!

ನಾನಿರುವುದು ಹ್ಯಾಮಿಲ್ಟನ್ನಿನ ರೊಟೊಟೂನ ಬಡಾವಣೆಯಲ್ಲಿ. ಹಾಲಿನ ಪುಡಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ನಾಲ್ಕೈದು ಗಂಟೆ ಕಾರು ಓಡಿಸಿದರೆ ಚಿಕ್ಕಪ್ಪನ ಮನೆ. ದೇಶದಲ್ಲಿ ನನಗಿದ್ದ ಹತ್ತಿರದ ನೆಂಟರೆಂದರೆ ಇವರಿಬ್ಬರೇ. ಹಾಗಾಗಿ ನಾನು ಈಗ ಹೇಳುವುದಕ್ಕೆಲ್ಲ ಕಣ್ಣಾರೆ ಸಾಕ್ಷಿ, ಕೆಲವಕ್ಕೆ ಬಲಿಪಶು.

ಎಲ್ಲಾದರೂ ಆ ಪದ್ಯದ ತುಂಡು ಕಿವಿಗೆ ಬಿತ್ತು ಅನ್ನಿ, ಚಿಕ್ಕಪ್ಪ ಇದ್ದಲ್ಲೇ ಎದ್ದು ನಿಂತು, ಬಲಗೈ ಮೇಲೆತ್ತಿ, "ಬಂತು!" ಎಂದು ಕೂಗುತ್ತಿದ್ದರು. ಸೂಪರ್ ಮಾರ್ಕೆಟ್ಟಿನ ರೇಡಿಯೋದಲ್ಲಿ ಕೇಳಿಸಿದರೂ ಅಷ್ಟೇ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಕೇಳಿಸಿದರೂ ಅಷ್ಟೇ. ಆ ಡಾಕ್ಟರು ಮುಂದಿನ ಸಲ ರೇಡಿಯೋ ಆರಿಸಿಯೇ ಇವರನ್ನು ಒಳಕ್ಕೆ ಕರೆದರಂತೆ.

ನಮ್ಮ ಮನೆಯ ಗೃಹಪ್ರವೇಶದ ದಿನ ಸತ್ಯನಾರಾಯಣ ಪೂಜೆ. ವಾರವಿಡೀ ಸಾಫ್ಟ್‌ವೇರು, ಶನಿವಾರ ಭಾನುವಾರ ಪೌರೋಹಿತ್ಯ ಮಾಡುವ ಪುರೋಹಿತರು "ನ್ಯೂಜಿಲೆಂಡ್ ದ್ವೀಪೇ, ಹ್ಯಾಮಿಲ್ಟನ್ ನಗರೇ" ಅಂತ ಸಂಕಲ್ಪ ಹೇಳಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ನನ್ನ ಮಗಳು ಟಿವಿ ಆರಿಸುವುದನ್ನು ಮರೆತಿದ್ದಳು. ಯುರೋಪಿನ ಯಾವನೋ ಮಂತ್ರಿ ಭಾಷಣ ಮಾಡುತ್ತ ಆ ಪದ್ಯದ ಅರ್ಧ ಸಾಲು ಅಂದೇಬಿಟ್ಟ! ಚಿಕ್ಕಪ್ಪ ಅಕ್ಷತೆ ಸಮೇತ ಎದ್ದು ನಿಂತು "ಬಂತು! ಬಂತು!" ಎಂದರು. ಕೈ ಮೇಲೆ, ಕಣ್ಣು ಅರೆಮುಚ್ಚಿದೆ, ಮೈ ನಡುಗುತ್ತಿದೆ. ಪಕ್ಕದಲ್ಲಿದ್ದ ಚಿಕ್ಕಮಗಳೂರು ಕಡೆಯ ಆಂಟಿಯೊಬ್ಬರು ಇವರ ಮೈಮೇಲೆ ದೇವರು ಬಂದಿದೆಯೆಂದೇ ತಿಳಿದು ಕಾಲಿಗೆ ಬಿದ್ದುಬಿಟ್ಟರು.

"ಸ್ವಾಮೀ, ನನ್ನ ಮಗನಿಗೆ ರೆಸಿಡೆನ್ಸಿ ಯಾವಾಗ ಆಗುತ್ತೆ?"

ಚಿಕ್ಕಪ್ಪನ ಮನಸ್ಸು ಆಗಲೇ ಈ ಭಾಷಣವನ್ನು ಎಲ್ಲಿ ಸೇರಿಸುವುದೆಂಬ ಲೆಕ್ಕದಲ್ಲಿತ್ತು. ಗಂಭೀರವಾಗಿ, "ಮುಂದಿನ ಅಧ್ಯಾಯದಲ್ಲಿ!" ಎಂದರು. ಆಂಟಿ ಕಣ್ಣಿಗೊತ್ತಿಕೊಂಡು ಎದ್ದರು. ಕೆಲವು ತಿಂಗಳಲ್ಲಿ ಆ ಹುಡುಗನಿಗೆ ನಿಜವಾಗಿಯೂ ರೆಸಿಡೆನ್ಸಿ, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ಸಿಕ್ಕಿತು. ಅಂದಿನಿಂದ ಹ್ಯಾಮಿಲ್ಟನ್ನಿನಲ್ಲಿ ಚಿಕ್ಕಪ್ಪನಿಗೆ ಇರುವ ಗೌರವ ಪಾಮರ್ಸ್ಟನ್ ನಾರ್ತ್‌ನಲ್ಲಿ ಖಂಡಿತ ಇಲ್ಲ.

ಅಲ್ಲಿ ಇದ್ದದ್ದು ರಗ್ಬಿ. ಪಕ್ಕದ ಮನೆಯ ಯೂಟ್ ಎಂಬ ತೆರೆದ ಬೆನ್ನಿನ ಗಾಡಿಯ ಗೃಹಸ್ಥರು ಒಂದು ಸಂಜೆ ಮ್ಯಾಚು ನೋಡಲು ಇವರನ್ನು ಕರೆದರು. ಊರಿನ ತಂಡ ಸೋಲುತ್ತಿದೆ, ಮನೆಯಲ್ಲಿ ಸಾವಿನ ಮೌನ. ಆಗ ವೀಕ್ಷಕ ವಿವರಣೆಯವನು ಆ ಸೋಲನ್ನು ಬಣ್ಣಿಸಲು ಐರ್ಲೆಂಡಿನ ಪದ್ಯಕ್ಕೇ ಕೈ ಹಾಕಬೇಕೆ? ಚಿಕ್ಕಪ್ಪ ಎದ್ದು ನಿಂತು ಕೂಗಿದ್ದಲ್ಲದೆ, ಖುಷಿ ಹೆಚ್ಚಾಗಿ ಚಪ್ಪಾಳೆಯನ್ನೂ ಹೊಡೆದರು! ಮನೆಯವರೆಲ್ಲ ತಿರುಗಿ ನೋಡಿದರು. "ನೀನು ಯಾರ ಕಡೆಯಪ್ಪಾ?" ಎಂದು ಗೃಹಸ್ಥರು ಕೇಳಿದ್ದಕ್ಕೆ, "ಪದ್ಯದ ಕಡೆ" ಎಂದರಂತೆ. ಪುಣ್ಯಕ್ಕೆ ಒಳ್ಳೆಯ ಜನ, ಹೊಡೆಯಲಿಲ್ಲ. ಬಿಯರು ಕೊಟ್ಟು ಕೂರಿಸಿದರು. ಇವರು ಕುಡಿಯುವುದಿಲ್ಲವಾದ್ದರಿಂದ ಅದನ್ನು ಹಿಡಿದುಕೊಂಡೇ ಕೂತಿದ್ದರಂತೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಕಥೆಯಲ್ಲಿ ಒಂದು ಹರಕೆ ಇದೆ.

ಎರಡು ಸಾವಿರದ ಹದಿನಾಲ್ಕರ ನವರಾತ್ರಿ. "ಎಲ್ಲ ಆಯ್ತು ಕಣೆ, ಕೊನೇ ಅಧ್ಯಾಯ ಒಂದು ಉಳಿದಿದೆ. ಸಂಕ್ರಾಂತಿ ಹೊತ್ತಿಗೆ ಒಪ್ಪಿಸಿಬಿಡ್ತೀನಿ" ಎಂದು ಚಿಕ್ಕಪ್ಪ ಘೋಷಿಸಿದರು. ಚಿಕ್ಕಮ್ಮನಿಗೆ ಸಂತೋಷ ತಡೆಯಲಿಲ್ಲ. ನಡುವೆ ವಿಘ್ನ ಬರಬಾರದಲ್ಲ? ಚಾಮುಂಡಿ ಪಟದ ಮುಂದೆ ನಿಂತು ಕೈಮುಗಿದು, "ತಾಯೀ, ಇವರು ಪ್ರಬಂಧ ಒಪ್ಪಿಸೋವರೆಗೂ ನಾನು ಕಾಫಿ ಮುಟ್ಟಲ್ಲ" ಎಂದುಬಿಟ್ಟರು.

ಕಾಫಿ! ನಮ್ಮ ಚಿಕ್ಕಮ್ಮ ಎಂಥ ಕಾಫಿಯವರೆಂದು ನಿಮಗೆ ಗೊತ್ತಿಲ್ಲ. ಮದುವೆಗೆ ಬಂದ ಹಿತ್ತಾಳೆ ಫಿಲ್ಟರನ್ನು ಕೈಚೀಲದಲ್ಲಿಟ್ಟುಕೊಂಡು ವಿಮಾನ ಹತ್ತಿದವರು. ಬೀಜ ತಾವೇ ಹುರಿದು, ತಾವೇ ಪುಡಿ ಮಾಡಿ, ಚಿಕೋರಿಯನ್ನು ಕೈಯಳತೆಯಲ್ಲೇ ಬೆರೆಸುವವರು. ಬೇರೆಯವರು ಹರಕೆಗೆ ಬದನೆಕಾಯಿ ಬಿಡುತ್ತಾರೆ, ಹಾಗಲಕಾಯಿ ಬಿಡುತ್ತಾರೆ. ಮೊದಲೇ ಇಷ್ಟವಿಲ್ಲದ್ದನ್ನು ಬಿಟ್ಟು ದೇವರಿಗೆ ಟೋಪಿ ಹಾಕುತ್ತಾರೆ! ಚಿಕ್ಕಮ್ಮನಿಗೆ ಆ ಜಾಣತನ ಇಲ್ಲ. ಮೂರು ತಿಂಗಳ ಮಾತು ತಾನೆ ಎಂದುಕೊಂಡರು.

ಸಂಕ್ರಾಂತಿ ಬಂತು, ಹೋಯಿತು. ಯಾವುದೋ ಹೊಸ ಕಾದಂಬರಿಯ ಹೆಸರಿನಲ್ಲಿ ಪದ್ಯ ಕಾಣಿಸಿಕೊಂಡಿತೆಂದು ಯುಗಾದಿಗೆ ಮುಂದೆ ಹೋಯಿತು. ಯುಗಾದಿಗೆ ಒಂದು ಧಾರಾವಾಹಿ, ಗಣಪತಿ ಹಬ್ಬಕ್ಕೆ ಒಂದು ಹಾಡು. ಕೊನೆಯ ಅಧ್ಯಾಯ ಹನುಮಂತನ ಬಾಲದ ಹಾಗೆ ಬೆಳೆಯಿತು.

ಆಮೇಲೆ ಬಂತು ನೋಡಿ ಹದಿನಾರನೆಯ ಇಸವಿ! ಬ್ರಿಟನ್ನಿನವರು ಯುರೋಪಿನಿಂದ ಬೇರೆಯಾಗಲು ಓಟು ಹಾಕಿದರು. ಪ್ರಪಂಚದ ಅಂಕಣಕಾರರೆಲ್ಲ ಉಪ್ಪಿನಕಾಯಿ ಭರಣಿಗೆ ಒಟ್ಟಿಗೆ ಕೈ ಹಾಕಿದರು. ಬೆಳಗಿನ ಪತ್ರಿಕೆ ತೆರೆದರೆ ಪದ್ಯ, ಸಂಜೆ ಫೋನು ತೆರೆದರೆ ಪದ್ಯ. ಚಿಕ್ಕಪ್ಪ ಎದ್ದು ನಿಂತು ನಿಂತು ಮಂಡಿನೋವು ತಂದುಕೊಂಡರು. ಅದು ತಣ್ಣಗಾಗುವಷ್ಟರಲ್ಲಿ ಅಮೆರಿಕದ ಚುನಾವಣೆ! ಆ ವಾರ ನಾನು ಅಲ್ಲೇ ಇದ್ದೆ. ಟಿವಿಯ ಮುಂದೆ ಚಿಕ್ಕಪ್ಪ ಹಬ್ಬದ ದಿನದ ಮಗುವಿನ ಹಾಗೆ ಕೂತಿದ್ದರು, ಒಳಗಿನಿಂದ ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಬಂದರು.

"ಅಲ್ಲಾರೀ, ಬ್ರಿಟನ್ನಿನವರು ಓಟು ಹಾಕಿದ್ರೆ ನನಗ್ಯಾಕೆ ಕಾಫಿ ಇಲ್ಲ? ಅಮೆರಿಕದವರು ಯಾರನ್ನೋ ಗೆಲ್ಲಿಸಿದ್ರೆ ನನಗ್ಯಾಕೆ ಕಾಫಿ ಇಲ್ಲ? ಅವರಿಗೆಲ್ಲ ಒಂದು ಮಾತು ಫೋನ್ ಮಾಡಿ ಹೇಳಿ, ಇಲ್ಲೊಬ್ಬಳು ಹೆಂಗಸು ಒಣಗ್ತಿದ್ದಾಳೆ ಅಂತ!"

"ಇದೊಂದೇ ಕಣೆ, ಇದೊಂದನ್ನ ಸೇರಿಸಿ ನಿಲ್ಲಿಸಿಬಿಡ್ತೀನಿ."

"ಕಾಫಿ ಕುಡಿಯೋರು ಹಾಗೇ ಹೇಳೋದು, ಇದೊಂದೇ ಲೋಟ ಅಂತ!"

ನಾನು ಹೊಸ ಕಾಲದವಳು, ಹರಕೆಯಲ್ಲಿ ಸಂದು ಹುಡುಕೋಣ ಎಂದೆ. ಪುರೋಹಿತರಿಗೆ ಫೋನು ಮಾಡಿ, ಏನಾದರೂ ದಾನ ಕೊಟ್ಟು ಬಿಡಿಸಿಕೊಳ್ಳುವ ದಾರಿ ಇದೆಯೇ ಎಂದು ಕೇಳಿದೆ. ಅವರು ಇದೆ ಎಂದರು. ಚಿಕ್ಕಮ್ಮ ಒಪ್ಪಲಿಲ್ಲ. "ನಾನು ಮಾತು ಕೊಟ್ಟಿದ್ದು ಚಾಮುಂಡಿಗೆ ಕಣೆ, ಕಸ್ಟಮರ್ ಸರ್ವಿಸ್‌ಗಲ್ಲ" ಎಂದರು. ಇನ್ನೊಮ್ಮೆ ಆಸ್ಪತ್ರೆಯ ಗೆಳತಿಯರು ಹುಟ್ಟುಹಬ್ಬಕ್ಕೆ ತಂದ ಕೇಕನ್ನು ತುಟಿಯವರೆಗೂ ಒಯ್ದು, ಕಾಫಿಯ ವಾಸನೆ ಬಂದದ್ದೇ ತಟ್ಟೆ ಕೆಳಗಿಟ್ಟು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡರಂತೆ. ಬೀದಿಗೊಂದು ಕಾಫಿ ಅಂಗಡಿ ಇರುವ ಈ ದೇಶದಲ್ಲಿ ಮೂಗು ಮುಚ್ಚಿಕೊಂಡು ಓಡಾಡುವುದೆಂದರೆ ಏನು ಕಡಿಮೆ ತಪಸ್ಸೇ?

ಆದರೆ ಒಂದು ವಿಚಿತ್ರ ನೋಡಿ. ಹರಕೆ ಹೊತ್ತದ್ದು ಚಿಕ್ಕಮ್ಮ ತಾನೆ? ಗಂಡನಿಗೆ ಕಾಫಿ ತಪ್ಪಿಸಬಾರದಲ್ಲ? ಹಾಗಾಗಿ ದಿನಾ ಬೆಳಿಗ್ಗೆ ಎದ್ದು ಮೊದಲಿನ ಹಾಗೆಯೇ ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ ಕಾಫಿ ಮಾಡುತ್ತಿದ್ದರು. ನಿನ್ನೆದುರಿಗೆ ಕುಡಿಯಲು ಸಂಕೋಚವಾಗುತ್ತದೆ ಎಂದು ಚಿಕ್ಕಪ್ಪ ಅದನ್ನು ಫ್ಲಾಸ್ಕಿಗೆ ಹಾಕಿಸಿಕೊಂಡು, ಸೈಕಲ್ಲಿನ ಬುಟ್ಟಿಯಲ್ಲಿಟ್ಟು, ಪಾಮರ್ಸ್ಟನ್ ನಾರ್ತ್‌ನ ಗಾಳಿಗೆ ಎದೆಕೊಟ್ಟು ವಿಶ್ವವಿದ್ಯಾನಿಲಯಕ್ಕೆ ಹೊರಡುತ್ತಿದ್ದರು. ಊರು ಚಪ್ಪಟೆಯಾಗಿ ಇರುವುದರಿಂದ ಏರು ಇಲ್ಲ, ಆದರೆ ಆ ಗಾಳಿ ಇದೆಯಲ್ಲ, ಅದು ಏರಿಗಿಂತ ಕಷ್ಟ. ರುಚಿ ನೋಡದೆ ಮಾಡಿದ ಕಾಫಿ, ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಹೇಗಿರುತ್ತದೆ? ಸಂಜೆ ಮನೆಗೆ ಬಂದ ಕೂಡಲೇ ವಿಚಾರಣೆ.

"ಹೆಂಗಿತ್ರೀ ಇವತ್ತು?"

"ಚಿಕೋರಿ ಒಂದು ಚೂರು ಮುಂದಾಯ್ತು."

ಮರುದಿನ ಚಿಕೋರಿ ಕಡಿಮೆ. ಸಂಜೆ, "ಇವತ್ತು ಚೆನ್ನಾಗಿತ್ತು, ಹಾಲು ಮಾತ್ರ ಸ್ವಲ್ಪ ಹೆಚ್ಚು ಕಾದಿತ್ತು." ಹೀಗೆ ಕುಡಿಯದವರು ಮಾಡುವುದು, ಕುಡಿದವರು ತಿದ್ದುವುದು. ಹಾಲಿನ ಪುಡಿಯ ಗುಣಮಟ್ಟ ನೋಡುವ ಕೆಲಸ ನನ್ನದು. ನಮ್ಮ ಕಾರ್ಖಾನೆಯಲ್ಲೂ ಇಷ್ಟು ಕಟ್ಟುನಿಟ್ಟು ಇಲ್ಲ!

ಚಿಕ್ಕಪ್ಪನಿಗೆ ಮಾರ್ಗದರ್ಶಕಿಯಾಗಿದ್ದವರು ಮಾರ್ಗರೆಟ್ ಎಂಬ ನ್ಯೂಜಿಲೆಂಡಿನವರೇ ಆದ ಹೆಂಗಸು. ಬೆಳ್ಳಿಕೂದಲು, ದೊಡ್ಡ ನಗು. ತನ್ನನ್ನು ಮಾರ್ಗರೆಟ್ ಎಂದೇ ಕರೆಯಬೇಕೆಂದು ಆಕೆ ಮೊದಲ ದಿನವೇ ಹೇಳಿದ್ದರು. ಗುರುವನ್ನು ಹೆಸರು ಹಿಡಿದು ಕರೆಯುವುದುಂಟೇ? ಚಿಕ್ಕಪ್ಪ ಮಾರ್ಗರೆಟ್ ಮೇಡಂ ಎಂದರು. ಮೇಡಂ ಬೇಡವೆಂದದ್ದಕ್ಕೆ, "ಸರಿ ಮೇಡಂ" ಎಂದರು. ಆಕೆ ಅಲ್ಲಿಗೆ ಬಿಟ್ಟರು. ಒಂದು ದಿನಾಂಕದಲ್ಲಿ ಗೆರೆ ಎಳೆದು, ಅದರಾಚೆಗೆ ಬಂದದ್ದನ್ನೆಲ್ಲ ಕೈಬಿಡು ಎಂದು ಆಕೆಯೂ ಎಷ್ಟೋ ಸಲ ಹೇಳಿದ್ದರಂತೆ. ನಾನೂ ಅದನ್ನೇ ಹೇಳಿದೆ.

"ಗೆರೆ ಎಳೆದ ಮಾರನೇ ದಿನ ಒಂದು ಬಂದುಬಿಟ್ರೆ ಪುಟ್ಟಿ? ಅದಕ್ಕೆ ಅನ್ಯಾಯ ಆಗಲ್ವಾ?" ಎಂದರು ಚಿಕ್ಕಪ್ಪ. ಅಜ್ಜಿಗೆ ಅರಿವೆ ಚಿಂತೆಯಾದರೆ ಮೊಮ್ಮಗಳಿಗೆ ಮದುವೆ ಚಿಂತೆ! ಹೆಂಡತಿಗೆ ಆಗುತ್ತಿರುವ ಅನ್ಯಾಯ ಈ ಮನುಷ್ಯನಿಗೆ ಕಾಣಿಸುವುದೇ ಇಲ್ಲವಲ್ಲ ಎಂದು ನನಗೆ ಆ ದಿನ ನಿಜವಾಗಿ ಸಿಟ್ಟು ಬಂದಿತ್ತು. ಅಡಿಗೆಮನೆಗೆ ಹೋಗಿ ಚಿಕ್ಕಮ್ಮನ ಮುಂದೆ ಹೇಳಿಯೂ ಬಿಟ್ಟೆ.

ಚಿಕ್ಕಮ್ಮ ಒಲೆಯಿಂದ ಕಣ್ಣು ತೆಗೆಯದೆ ಅಂದರು: "ಬಯ್ಯಬೇಡ ಕಣೆ. ಯೂನಿವರ್ಸಿಟೀಲಿ ಅವರಿಗೆ ಒಂದು ಮೇಜಿದೆ, ಬಾಗಿಲ ಮೇಲೆ ಹೆಸರಿದೆ. ಅಲ್ಲಿಗೆ ಹೋದ್ರೆ ಅವರು ಮೇಷ್ಟ್ರು. ನಾನೇ ಬಯ್ಯೋದು ಸಾಕು."

ಅಂದರೆ ಆಕೆಗೆ ಎಲ್ಲ ಗೊತ್ತಿತ್ತು! ಗೊತ್ತಿದ್ದೂ ಕಾಫಿ ಬಿಟ್ಟಿದ್ದರು, ಗೊತ್ತಿದ್ದೂ ಬಯ್ಯುತ್ತಿದ್ದರು. ಈ ಗಂಡ ಹೆಂಡಿರ ನಡುವೆ ಬುದ್ಧಿ ಹೇಳಲು ಹೋದ ನಾನೇ ಕೂಸಿನ ಹಾಗೆ ಬಡವಾದೆ. ಹದಿನೇಳು ಕಳೆಯಿತು, ಹದಿನೆಂಟು ಕಳೆಯಿತು. ಲೋಕವೇನೂ ಸುಧಾರಿಸಲಿಲ್ಲ. ಆದ್ದರಿಂದ ಪದ್ಯಕ್ಕೆ ಬಿಡುವಿರಲಿಲ್ಲ.

ಹತ್ತೊಂಬತ್ತನೆಯ ಇಸವಿಯ ಮಾರ್ಚ್ ತಿಂಗಳ ಆ ಶುಕ್ರವಾರ ನಿಮಗೂ ನೆನಪಿರಬಹುದು. ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ ಪ್ರಾರ್ಥನೆಗೆ ಕೂತವರ ಮೇಲೆ ಗುಂಡು ಹಾರಿದ ದಿನ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ. ನಮ್ಮ ಬೀದಿಯಲ್ಲಿ ಆ ಸಂಜೆ ಮಕ್ಕಳು ಆಡುವ ಸದ್ದೂ ಇರಲಿಲ್ಲ. ಎರಡು ದಿನ ಬಿಟ್ಟು ಎಲ್ಲೋ ಒಂದು ಲೇಖನದ ನೆತ್ತಿಯ ಮೇಲೆ ಆ ಪದ್ಯದ ಸಾಲು ಕಂಡಿತು. ಚಿಕ್ಕಪ್ಪ ಇದನ್ನು ನೋಡಿ ಎದ್ದು ನಿಂತು ಕೈ ಎತ್ತಿದರೆ ನಾನು ಇನ್ನು ಅವರ ಮುಖ ನೋಡಲಾರೆ ಅನಿಸಿತು. ಫೋನು ಮಾಡಿದೆ.

"ನೋಡಿದೆ ಪುಟ್ಟಿ" ಎಂದರು. ದನಿಯಲ್ಲಿ ಜೀವವೇ ಇರಲಿಲ್ಲ. "ಕೂತೇ ಇದ್ದೆ. ಏಳೋಕಾಗಲಿಲ್ಲ. ಇಷ್ಟು ವರ್ಷ ಎಲ್ಲೆಲ್ಲೋ ಯಾರ್‍ಯಾರ ಮನೆ ಹಾಳಾದಾಗಲೆಲ್ಲ ನಾನಿಲ್ಲಿ ಬಂತು ಬಂತು ಅಂತ ಕುಣೀತಿದ್ದೆನಲ್ಲ. ಆ ಪದ್ಯ ಬರೋದು ಕೇಡುಗಾಲಕ್ಕೇ ಅಲ್ವೇನೇ? ಮೇಷ್ಟ್ರಾಗಿ ಇಷ್ಟೂ ತಿಳೀಲಿಲ್ಲ ನೋಡು."

ಹಾಗೆಲ್ಲ ಅಂದುಕೋಬೇಡಿ ಎಂದೆ. ಅವರು, "ಸಾಕು. ಇದನ್ನ ಸೇರಿಸಲ್ಲ. ಇನ್ನು ಯಾವುದನ್ನೂ ಸೇರಿಸಲ್ಲ" ಎಂದು ಫೋನಿಟ್ಟರು.

ಅಷ್ಟು ವರ್ಷ ಮುಗಿಯದ ಕೊನೆಯ ಅಧ್ಯಾಯ ಆ ಚಳಿಗಾಲದೊಳಗೆ ಮುಗಿಯಿತು. ಪ್ರಬಂಧ ಒಪ್ಪಿಸುವ ದಿನ ನಾನೂ ರಜೆ ಹಾಕಿ ಹೋದೆ. ಚಿಕ್ಕಮ್ಮ ಕಂಚಿ ಸೀರೆ ಉಟ್ಟು, ಮೇಲೆ ಉಣ್ಣೆಯ ಕೋಟು ತೊಟ್ಟು, ದೊಡ್ಡ ಫ್ಲಾಸ್ಕಿನ ತುಂಬ ಕಾಫಿ ಮಾಡಿಕೊಂಡು, ಸ್ಟೀಲು ಲೋಟಗಳನ್ನು ಮಗ್ಗುಲು ಚೀಲದಲ್ಲಿ ಕಟ್ಟಿಕೊಂಡು ಸಿದ್ಧವಾಗಿದ್ದರು. ಪುಸ್ತಕ ಕೈಬಿಟ್ಟ ಮರುಕ್ಷಣವೇ ಹರಕೆ ಮುಗಿಯಬೇಕು, ಮನೆಗೆ ಬರುವವರೆಗೂ ತಡೆಯಲಾರೆ ಎಂದರು. ಚಿಕ್ಕಪ್ಪ ಮದುವೆಗಂಡಿನ ಹಾಗೆ ಬೆವರುತ್ತಿದ್ದರು. ದಪ್ಪ ರಟ್ಟಿನ ಎರಡು ಪ್ರತಿಗಳನ್ನು ಕೌಂಟರಿನ ಹುಡುಗಿ ತೆಗೆದುಕೊಂಡು, ಮುದ್ರೆ ಒತ್ತಿ, ಮುಂದಿನವರನ್ನು ಕರೆದಳು. ಅಷ್ಟೇ! ಅಷ್ಟು ವರ್ಷದ ಪದ್ಯ ಬಿಡಿಸಲು ಬೇಕಾದದ್ದು ಒಂದು ರಬ್ಬರು ಮುದ್ರೆ.

ಅಲ್ಲಿಂದ ಮಾರ್ಗರೆಟ್ ಅವರ ಕೋಣೆಗೆ ಹೋದೆವು. ಬಿಸ್ಕತ್ತು, ಹಣ್ಣು ಜೋಡಿಸಿಟ್ಟು ಆಕೆ ಕಾಯುತ್ತಿದ್ದರು. ಚಿಕ್ಕಮ್ಮನೂ ಆಕೆಯೂ ಭೇಟಿಯಾಗಿದ್ದು ಅದೇ ಮೊದಲು. ಚಿಕ್ಕಮ್ಮ ಫ್ಲಾಸ್ಕು ತೆರೆದು, ಅತಿಥಿಗೆ ಮೊದಲು ಎಂದು ಮಾರ್ಗರೆಟ್ ಅವರಿಗೆ ಒಂದು ಲೋಟ ಕೊಟ್ಟರು. ಲೋಟದ ಬಿಸಿ ನೋಡಿ ಈ ಬಿಳಿಯ ಹೆಂಗಸು ಹೇಗೆ ಹಿಡಿಯುತ್ತಾರೋ ಎಂದು ನಾನು ನೋಡುತ್ತಿದ್ದರೆ, ಆಕೆ ಸಲೀಸಾಗಿ ಅಂಚು ಹಿಡಿದು, ಮೂಗಿಗೆ ಹತ್ತಿರ ತಂದು, ಒಂದು ಗುಟುಕು ಸುರ್‍ರೆಂದು ಎಳೆದು ಕಣ್ಣು ಮುಚ್ಚಿದರು.

"ಇವತ್ತು ಚಿಕೋರಿ ಸರಿಯಾಗಿದೆ" ಎಂದರು ಇಂಗ್ಲಿಷಿನಲ್ಲಿ. "ಡಿಕಾಕ್ಷನ್ ಮಾತ್ರ ನಿನ್ನೆಯದಕ್ಕಿಂತ ಗಟ್ಟಿ. ಹಬ್ಬಕ್ಕೆಂದು ಮಾಡಿದ್ದಿರಬೇಕು!"

ಚಿಕ್ಕಮ್ಮನ ಕೈ ಫ್ಲಾಸ್ಕಿನ ಮೇಲೆ ಹಾಗೇ ನಿಂತಿತು.

ಮಾರ್ಗರೆಟ್ ನಗುತ್ತ ಮುಂದುವರಿಸಿದರು. "ಐದು ವರ್ಷದಿಂದ ಇದನ್ನೇ ಕುಡಿದು ನನಗೆ ಬೇರೆ ಕಾಫಿ ಸೇರದ ಹಾಗಾಗಿದೆ. ಇವನು ದಿನಾ ಬಂದು ನನಗೆ ಬಗ್ಗಿಸಿಕೊಟ್ಟು, ಹೇಗಿದೆ ಹೇಗಿದೆ ಎಂದು ಕೇಳುತ್ತಿದ್ದ. ತಾನು ಮಾತ್ರ ಒಂದು ತೊಟ್ಟು ಮುಟ್ಟಿದವನಲ್ಲ. ಕೇಳಿದರೆ, ಪ್ರಬಂಧ ಒಪ್ಪಿಸಿದ ಮೇಲೆ ಎನ್ನುತ್ತಿದ್ದ. ಇನ್ನಾದರೂ ಅವನಿಗೆ ಒಂದು ಲೋಟ ಕೊಡಿ."

ಚಿಕ್ಕಪ್ಪ ನೆಲದ ಕಾರ್ಪೆಟ್ಟನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು. ಚಿಕ್ಕಮ್ಮ ಕನ್ನಡಕ್ಕೆ ತಿರುಗಿದರು.

"ಮತ್ತೆ ದಿನಾ ಸಂಜೆ ಬಂದು ಹೇಳ್ತಿದ್ರಲ್ಲ, ಚಿಕೋರಿ ಮುಂದಾಯ್ತು, ಹಾಲು ಹೆಚ್ಚು ಕಾದಿತ್ತು ಅಂತ?"

"ಮೇಡಂ ಹೇಳಿದ್ದನ್ನ ಬಂದು ಹೇಳ್ತಿದ್ದೆ."

"ಹೇಳಬಾರದಾಗಿತ್ತಾ ನನಗೆ, ನೀವೂ ಬಿಟ್ಟಿದೀರಿ ಅಂತ?"

"ಹೇಳಿದ್ರೆ ನೀನು ಮಾಡೋದನ್ನೇ ನಿಲ್ಲಿಸಿಬಿಡ್ತಿದ್ದೆ. ಆ ವಾಸನೆನಾದ್ರೂ ಇರಲಿ ಅಂತ. ನೀನು ಬಿಟ್ಟ ಮೇಲೆ ನನ್ನ ಗಂಟಲಲ್ಲಿ ಹೆಂಗೆ ಇಳೀತದೆ ಹೇಳು."

ಹೆಂಡತಿಗೆ ಆಗುವ ಅನ್ಯಾಯ ಕಾಣದ ಮನುಷ್ಯ ಎಂದು ನಾನು ಸಿಟ್ಟಾಗಿದ್ದು ಇವರ ಮೇಲೆ! ಚಿಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಅವರ ಎಂದಿನ ಬೈಗುಳದ ದನಿಯನ್ನೇ ತರಲು ನೋಡಿದರು, ಅರ್ಧ ಮಾತ್ರ ಬಂತು.

"ಇಬ್ಬರಿಗೂ ಇಲ್ಲ ಅಂದಮೇಲೆ ಬೇಗ ಮುಗಿಸಬಾರದಿತ್ತೇನ್ರೀ?"

ಚಿಕ್ಕಪ್ಪ ಮೆಲ್ಲಗೆ, "ಮುಗಿಸಿದ್ರೆ ಮಾರನೇ ದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ ಅಂತ ಹೆದರಿಕೆ ಆಗ್ತಿತ್ತು ಕಣೆ" ಎಂದರು.

ಮೈಸೂರಿನಲ್ಲಿ ಕ್ಲಾಸು ತುಂಬ ಹುಡುಗರನ್ನು ಕೂರಿಸಿಕೊಂಡು ಗುಡುಗುತ್ತಿದ್ದ ನಮ್ಮ ಚಿಕ್ಕಪ್ಪ, ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಚಿಕ್ಕಮ್ಮ ಎರಡು ಲೋಟಕ್ಕೆ ಕಾಫಿ ಬಗ್ಗಿಸಿದರು. ಒಂದನ್ನು ಅವರ ಕೈಗಿಟ್ಟು, ಬಿಸಿಯೆಂದು ತಾವೂ ಆ ಕೈಯನ್ನು ಹಿಡಿದುಕೊಂಡರು.

"ಎಲ್ಲಿಗೂ ಯಾಕೆ ಹೋಗಬೇಕು? ನಾಳೆಯಿಂದ ಬೆಳಿಗ್ಗೆ ಕಾಫಿಗೆ ಇಬ್ಬರಾದ್ವಲ್ಲ. ನನ್ನೆದುರಿಗೇ ಕೂತ್ಕೊಂಡು ಕುಡೀರಿ."